ಸಂಪಾದಕರ ಉತ್ತರ: ಓಪನ್ ಆಫೀಸ್ ಬಾಗಿಲು ಹಾಕಬೇಕೇ?

(ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರ ಮೇಷ್ಟ್ರು ಬರೆದ ಪತ್ರದ ಸಾರ: “ನಮ್ಮ ಶಾಲೆಯಲ್ಲಿ ಮೊದಲಿನಿಂದಲೂ ಓಪನ್ ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶ ಇದೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲ ಅದರಲ್ಲೇ. ಇನ್ನಾದರೂ ಅದರಂಥದೇ ಲಿಬ್ರೆ ಆಫೀಸ್‌ಗೆ ಬನ್ನಿ ಅಂತ ನಿಮ್ಮ ಪತ್ರಿಕೆ ಬರೆಯಿತು. ಚೆನ್ನಾಗಿ ನಡೆಯುತ್ತಿರುವುದನ್ನು ಏಕೆ ಬಿಡಬೇಕು? ಓಪನ್ ಆಫೀಸ್ ಮುಚ್ಚಿ ಎಂದು ಲಿಬ್ರೆಯವರು ಬಹಿರಂಗ ಪತ್ರ ಬರೆದಿದ್ದರಂತೆ. ಮುಕ್ತ ತಂತ್ರಾಂಶ ಎನ್ನುವವರೇ ಇನ್ನೊಬ್ಬರ ಅಂಗಡಿ ಮುಚ್ಚಿಸಬಹುದೇ?”)

ಮೇಷ್ಟ್ರೇ, ನಮಸ್ಕಾರ.

ಮೊದಲು ಆ ಬಹಿರಂಗ ಪತ್ರದ ವಿಷಯ. ಅದು 2020ರ ಅಕ್ಟೋಬರ್ 12ರದ್ದು. ಓಪನ್ ಆಫೀಸ್‌ನ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಹೊರಬಂದು 20 ವರ್ಷ ತುಂಬುವ ಹಿಂದಿನ ದಿನ. ಬರೆದದ್ದು ಲಿಬ್ರೆ ಆಫೀಸ್ ನಡೆಸುವ ಡಾಕ್ಯುಮೆಂಟ್ ಫೌಂಡೇಶನ್. ‘ಮುಚ್ಚಿ’ ಎನ್ನುವುದು ಅದರಲ್ಲಿಲ್ಲ. ಹಳೆಯ ಬಳಕೆದಾರರಿಗಾಗಿ 4.1 ಸರಣಿಯನ್ನು ನೋಡಿಕೊಳ್ಳುವುದಾದರೆ ನೋಡಿಕೊಳ್ಳಿ, ಆದರೆ ಹೊಸದಾಗಿ ಬರುವವರಿಗೆ ಲಿಬ್ರೆ ಆಫೀಸ್ ಅಂತ ಒಂದಿದೆ ಎಂದಾದರೂ ಹೇಳಿ. ಕೇಳಿದ್ದು ಇಷ್ಟೇ. ಸ್ವಂತ ಪ್ರಚಾರವೂ ಇತ್ತು ಅನ್ನಿ. ಆದರೂ ಹಳಬರು ಬೇರೆ, ಹೊಸಬರು ಬೇರೆ ಎಂದು ಅವರು ಎಳೆದ ಗೆರೆ ನನಗೆ ಸರಿ ಅನ್ನಿಸುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಇವೆರಡೂ ಒಂದೇ ಮನೆಯವು. ಜರ್ಮನಿಯ ಸ್ಟಾರ್ ಆಫೀಸ್ ಅನ್ನು 1999ರಲ್ಲಿ ಸನ್ ಕಂಪನಿ ಕೊಂಡು, ಮರುವರ್ಷ ಅದರ ಕೋಡನ್ನು ಓಪನ್ ಆಫೀಸ್ ಹೆಸರಿನಲ್ಲಿ ಬಿಚ್ಚಿಟ್ಟಿತು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಕಂಪನಿಯ ಪಾಲಾಯಿತು. ಒರಾಕಲ್ ಹೇಗೆ ನಡೆಸುತ್ತದೋ ಎಂಬ ಅಳುಕಿನಿಂದ ಆ ಸೆಪ್ಟೆಂಬರ್‌ನಲ್ಲೇ ತುಂಬಾ ಜನ ಹೊರಬಂದು ಲಿಬ್ರೆ ಆಫೀಸ್ ಕಟ್ಟಿದರು. 2011ರಲ್ಲಿ ಒರಾಕಲ್ ತನ್ನ ಬಳಿ ಉಳಿದಿದ್ದನ್ನು ಮುಕ್ತ ತಂತ್ರಾಂಶಗಳನ್ನು ನಡೆಸುವ ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಒಂದು ಕಡೆ, ಜನರ ಬಾಯಲ್ಲಿದ್ದ ಹೆಸರು ಇನ್ನೊಂದು ಕಡೆ! ಲೈಸೆನ್ಸಿನಲ್ಲೂ ಒಂದು ಸಿಕ್ಕು ಇದೆ. ಅಪಾಚೆಯ ಕೋಡನ್ನು ಲಿಬ್ರೆ ತೆಗೆದುಕೊಳ್ಳಬಹುದು. ಲಿಬ್ರೆಯದನ್ನು ಅಪಾಚೆ ಹಾಗೆ ತೆಗೆದುಕೊಳ್ಳುವಂತಿಲ್ಲ. ಅಂತರ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುವುದು ಸಹಜವೇ ಅಲ್ವಾ?

ಓಪನ್ ಆಫೀಸ್ 4.1 ಬಂದದ್ದು 2014ರಲ್ಲಿ. ಆಮೇಲೆ ಬಂದವೆಲ್ಲ ಅದರದೇ ಸಣ್ಣ ತಿದ್ದುಪಡಿಗಳು. “ಹೊಸದೇನೂ ಬೇಡ, ಇರುವುದು ನಡೆದರೆ ಸಾಕು” ಎಂದಿದ್ದೀರಿ. ಒಪ್ಪುತ್ತೇನೆ. ಹೊಸ ಗುಂಡಿ, ಹೊಸ ಮೆನುಗಾಗಿ ಯಾರೂ ಊರು ಬಿಡಬೇಕಾಗಿಲ್ಲ. ಆದರೆ ತಂತ್ರಾಂಶ ಇದ್ದ ಹಾಗೇ ಇರಬೇಕಾದರೂ ಯಾರೋ ಕೂತು ದುಡಿಯಬೇಕು. 2016ರ ಜುಲೈ ನೋಡಿ. ಪ್ರೆಸೆಂಟೇಶನ್ ಫೈಲ್ ಮೂಲಕ ಯಂತ್ರದೊಳಗೆ ನುಗ್ಗಬಹುದಾದ ಒಂದು ತೂತು ಓಪನ್ ಆಫೀಸ್‌ನಲ್ಲಿದೆ ಎಂದು ಅಪಾಚೆಯೇ ಪ್ರಕಟಿಸಿತು. ಅದನ್ನು ಸರಿಪಡಿಸಿದ ಆವೃತ್ತಿ ಆಗ ಕೈಯಲ್ಲಿರಲಿಲ್ಲ. ಮಧ್ಯೆ ಒಂದು ತೇಪೆ ಕೊಟ್ಟರು. ಪೂರ್ತಿ ಆವೃತ್ತಿ 4.1.3 ಬಂದದ್ದು ಅಕ್ಟೋಬರ್‌ನಲ್ಲಿ. ನಡುವೆ ಸೆಪ್ಟೆಂಬರ್‌ನಲ್ಲಿ ಯೋಜನೆಯ ಆಗಿನ ಮುಖ್ಯಸ್ಥ ಡೆನಿಸ್ ಹ್ಯಾಮಿಲ್ಟನ್, ಇದನ್ನು ನಿಲ್ಲಿಸುವುದಾದರೆ ಏನೇನು ಮಾಡಬೇಕಾಗುತ್ತದೆ ಎಂದು ತಮ್ಮವರ ಮುಂದೆ ಬಿಚ್ಚಿಟ್ಟರು. ಕೊನೆಗೆ ನಿಲ್ಲಿಸಲಿಲ್ಲ, ನಡೆಸಿಕೊಂಡು ಹೋದರು.

ಆ ಸ್ವಯಂಸೇವಕರ ಮೇಲೆ ನನಗೆ ಸಿಟ್ಟಿಲ್ಲ. ಸಂಬಳವಿಲ್ಲದೆ ದುಡಿಯುವವರಿಗೆ “ನಿಲ್ಲಿಸಿ” ಎನ್ನಲು ನಾವ್ಯಾರು? ಅವರು ಹಾಕುವ ಒಂದೊಂದು ತೇಪೆಯೂ ನಿಮ್ಮಂಥ ಶಾಲೆಗಳನ್ನು ಕಾಯುತ್ತಿದೆ. ನನ್ನ ತಕರಾರು ಡೌನ್‌ಲೋಡ್ ಪುಟದ ಬಗ್ಗೆ. 2020ರ ಹೊತ್ತಿಗೇ ಅಪಾಚೆಯ ಓಪನ್ ಆಫೀಸ್ 30 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿತ್ತು. ಹಳೆಯ ಹೆಸರು ಕೇಳಿ ಹುಡುಕಿಕೊಂಡು ಬರುವ ಹೊಸಬರಿಗೆ ಇದು ಈಗ ಬೆಳೆಯುತ್ತಿರುವ ತಂತ್ರಾಂಶ ಅಲ್ಲ ಅಂತ ಹೇಗೆ ಗೊತ್ತಾಗಬೇಕು? “ಇಲ್ಲಿ ರಿಪೇರಿ ಮಾತ್ರ, ಹೊಸ ಕೆಲಸ ಅಲ್ಲಿ ನಡೆಯುತ್ತಿದೆ” ಎಂದು ಎರಡು ಸಾಲು ಬರೆದರೆ ಯಾರ ಮಾನವೂ ಹೋಗುವುದಿಲ್ಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಹಳೆಯದನ್ನು ಬಿಡಿಸುವ ಕೆಲಸವನ್ನು ಬೇರೆ ರೀತಿ ಮಾಡಿದರು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯ 2.7ಕ್ಕೆ 2015ರವರೆಗೆ ಎಂದು ಮೊದಲು ಗಡುವು ಇಟ್ಟರು. ಜನ ಬರಲಿಲ್ಲ. 2014ರಲ್ಲಿ ಅದನ್ನು 2020ಕ್ಕೆ ಮುಂದೂಡಿ, ಅಲ್ಲಿಗೆ ಮುಗಿಯಿತು ಎಂದರು. ಮುಗಿಸಿಯೂ ಬಿಟ್ಟರು. ಅಲ್ಲಿ ಜನ ಹಿಂದೇಟು ಹಾಕಿದ್ದಕ್ಕೆ ಕಾರಣವಿತ್ತು, ತಮ್ಮ ಕೋಡನ್ನೇ ತಿದ್ದಿ ಬರೆಯಬೇಕಿತ್ತು. ಬದಲಾವಣೆ ಸುಮ್ನೆ ಮಾಡಿದ್ದೂ ಅಲ್ಲ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಕಂಪ್ಯೂಟರ್ ಕೂಡಿಡುವ ಒಂದು ವಿಧಾನ) ಟೈಪಿಸಿದ ‘ಕನ್ನಡ’ ಎಂಬ ಪದದ ಉದ್ದ ಎಷ್ಟು ಅಂತ ಪೈಥಾನ್ 2ಕ್ಕೆ ಕೇಳಿದರೆ 15 ಎನ್ನುತ್ತಿತ್ತು, ಅದು ಎಣಿಸುತ್ತಿದ್ದುದು ಬೈಟುಗಳನ್ನು. ಪೈಥಾನ್ 3 ಅಕ್ಷರಸಂಕೇತಗಳನ್ನು (ಕ, ನ, ಹಲಂತ, ನ, ಡ) ಎಣಿಸಿ 5 ಎನ್ನುತ್ತದೆ. ನಿಮ್ಮ ಮಕ್ಕಳನ್ನು ಕೇಳಿದರೆ 3 ಎಂದಾರು! ಪರವಾಗಿಲ್ಲ, ಹತ್ತಿರಕ್ಕಾದರೂ ಬಂತು.

ನಿಮ್ಮ ಸ್ಥಿತಿ ಅಷ್ಟು ಕಷ್ಟದ್ದಲ್ಲ. ಓಪನ್ ಆಫೀಸ್ ಉಳಿಸುವ ಒಡಿಟಿ, ಒಡಿಎಸ್ ಫೈಲುಗಳು 2006ರಲ್ಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಒಪ್ಪಿದ ಮಾದರಿಯವು. ಲಿಬ್ರೆ ಆಫೀಸ್‌ನ ಮಾದರಿಯೂ ಅದೇ. ಫೈಲು ಪರಿವರ್ತಿಸುವ ಗೋಜಿಲ್ಲ, ಹಾಗೇ ತೆರೆಯುತ್ತವೆ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ ಆ ಫಾಂಟುಗಳನ್ನು ಮಾತ್ರ ಅಳಿಸಬೇಡಿ. ಇಲ್ಲದಿದ್ದರೆ ಪ್ರಶ್ನೆಪತ್ರಿಕೆಯ ತುಂಬಾ ಅರ್ಥವಾಗದ ಗೀಟುಗಳು ಕಾಣುತ್ತವೆ. ಅದನ್ನು ಯೂನಿಕೋಡ್‌ಗೆ ತರುವುದು ಬೇರೆಯೇ ಕೆಲಸ, ಎರಡನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ.

ಲಾಭವೂ ಇದೆ. ಕಚೇರಿಯಿಂದ ಬರುವ ಡಾಕ್ಸ್ (ಮೈಕ್ರೋಸಾಫ್ಟ್ ವರ್ಡ್‌ನ) ಫೈಲನ್ನು ಓಪನ್ ಆಫೀಸ್ ತೆರೆಯುತ್ತದೆ, ಆದರೆ ಡಾಕ್ಸ್ ಆಗಿ ಉಳಿಸಲು ಅದಕ್ಕೆ ಬರುವುದಿಲ್ಲ. ಲಿಬ್ರೆಗೆ ಬರುತ್ತದೆ. ಒತ್ತಕ್ಷರ ಜೋಡಿಸುವ ಕೆಲಸವನ್ನೂ ಅದು 2017ರ 5.3 ಆವೃತ್ತಿಯಿಂದ ಎಲ್ಲ ಯಂತ್ರಗಳಲ್ಲೂ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶಕ್ಕೆ ಒಪ್ಪಿಸಿದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್‌ಗಳಲ್ಲಿ ಕನ್ನಡ ಮೂಡಿಸುವುದೂ ಅದೇ.

ಇನ್ನು ಲಿಬ್ರೆಯವರು ಯಾರನ್ನೂ ಹಿಂದೆ ಬಿಟ್ಟಿಲ್ಲ ಅಂತಲೂ ಅಲ್ಲ. 2025ರ ಆಗಸ್ಟ್‌ನಲ್ಲಿ ಬಂದ 25.8 ಆವೃತ್ತಿ ವಿಂಡೋಸ್ 7, 8ರಲ್ಲಿ ಕೂರುವುದಿಲ್ಲ. ನಿಮ್ಮ ಲ್ಯಾಬಿನಲ್ಲಿ ಅಂಥ ಯಂತ್ರಗಳಿದ್ದರೆ ಅವುಗಳ ಮಟ್ಟಿಗೆ ಓಪನ್ ಆಫೀಸ್ ಬಿಡಿ ಎಂದು ನಾನು ಒತ್ತಾಯಿಸುವುದಿಲ್ಲ. ಇಂಟರ್‌ನೆಟ್ ತಂತಿ ಕಿತ್ತಿಟ್ಟು ಮಕ್ಕಳ ಟೈಪಿಂಗ್‌ಗೆ ಬಳಸಿ, ಹೊರಗಿನ ಪೆನ್‌ಡ್ರೈವ್ ಹಾಕಲು ಬಿಡಬೇಡಿ. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಇರುವ ಯಂತ್ರಕ್ಕೆ ಮಾತ್ರ ಲಿಬ್ರೆ ಹಾಕಿ. ಪರೀಕ್ಷೆಯ ವಾರದಲ್ಲಿ ಬೇಡ, ದಸರಾ ರಜೆಯಲ್ಲಿ ಮಾಡಿ. ಎರಡೂ ಒಂದೇ ಯಂತ್ರದಲ್ಲಿ ಇರಬಹುದು, ಹಳೆಯದನ್ನು ಅಂದೇ ತೆಗೆಯಬೇಕಾಗಿಲ್ಲ. ಅಂಕಪಟ್ಟಿಯಲ್ಲಿ ಮ್ಯಾಕ್ರೋ (ಕೆಲಸ ತಾನಾಗಿ ನಡೆಯಲು ಬರೆದಿಡುವ ಆದೇಶಗಳು) ಬರೆದಿಟ್ಟಿದ್ದರೆ ಮೊದಲು ಅದರ ನಕಲೊಂದನ್ನು ತೆರೆದು, ಮೊತ್ತಗಳನ್ನು ತಾಳೆ ನೋಡಿ.