ಮಂಡೇಲಾ ರಾಜಿ ಮತ್ತು ಭೂಮಿಯ ಪ್ರಶ್ನೆ

ನಮಸ್ಕಾರ. ದಕ್ಷಿಣ ಆಫ್ರಿಕಾದಲ್ಲಿ ಮಂಡೇಲಾ ಅಧಿಕಾರದ ಆತುರದಲ್ಲಿ ಭೂಮಿಯನ್ನು ಬಿಳಿಯರಿಗೇ ಬಿಟ್ಟುಕೊಟ್ಟರಲ್ಲವೇ ಎಂದು ಕೇಳಿದ್ದೀರಿ. ರಾಜಿಯಾದದ್ದು ನಿಜ, ಆತುರ ಅನ್ನುವುದನ್ನು ಮಾತ್ರ ಒಪ್ಪಲಾರೆ.

1992ರ ಜೂನ್‌ನಲ್ಲಿ ಬೊಯ್ಪಟಾಂಗ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ಹತ್ಯಾಕಾಂಡವಾದಾಗ ಮಂಡೇಲಾ ಅವರ ಪಕ್ಷ ಎಎನ್‌ಸಿ ಬಿಳಿಯರ ಸರ್ಕಾರದ ಜೊತೆಗಿನ ಮಾತುಕತೆಯಿಂದಲೇ ಎದ್ದು ನಡೆದಿತ್ತು. 1993ರ ಏಪ್ರಿಲ್‌ನಲ್ಲಿ ಎಎನ್‌ಸಿಯ ಜನಪ್ರಿಯ ನಾಯಕ ಕ್ರಿಸ್ ಹಾನಿ ಕೊಲೆಯಾದಾಗ ದೇಶ ಹೊತ್ತಿ ಉರಿಯುವುದರಲ್ಲಿತ್ತು. ಸೈನ್ಯ, ಪೊಲೀಸು ಎರಡೂ ಹಳಬರ ಕೈಯಲ್ಲೇ ಇದ್ದವು. ಕೆಲವು ವರ್ಷ ಅಧಿಕಾರ ಹಂಚಿಕೊಳ್ಳೋಣ, ಹಳೆಯ ನೌಕರರ ಕೆಲಸ ಉಳಿಸೋಣ ಎಂಬ ಸಲಹೆ ಮುಂದಿಟ್ಟವರು ಮಂಡೇಲಾ ಪಾಳಯದಲ್ಲೇ ಇದ್ದ ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ. ಇದನ್ನು ಬಹಳ ಜನ ಮರೆಯುತ್ತಾರೆ.

ಇನ್ನು ಭೂಮಿ. 1913 ಮತ್ತು 1936ರ ಕಾಯ್ದೆಗಳು ಬಹುಸಂಖ್ಯಾತ ಕಪ್ಪು ಜನರಿಗೆ ಬಿಟ್ಟದ್ದು ಸುಮಾರು ಶೇ. 13ರಷ್ಟು ನೆಲ. 1996ರ ಸಂವಿಧಾನದ 25ನೇ ವಿಧಿ ಬಿಳಿಯರ ಆಸ್ತಿಗೆ ಕಾವಲು ನಿಂತಿದೆ ಎನ್ನುವವರು ಅದನ್ನು ಪೂರ್ತಿ ಓದಬೇಕು. ಸಾರ್ವಜನಿಕ ಹಿತಕ್ಕೆ ಸರ್ಕಾರ ಜಮೀನು ವಶಪಡಿಸಿಕೊಳ್ಳಬಹುದು. ಭೂಸುಧಾರಣೆಯೂ ಆ ಹಿತದಲ್ಲಿ ಸೇರಿದೆ. ಪರಿಹಾರಕ್ಕೆ ಮಾರುಕಟ್ಟೆ ಬೆಲೆಯೊಂದೇ ಅಳತೆಯಲ್ಲ. ಕೈ ಕಟ್ಟಿಹಾಕಿದ್ದು ಮಾಲೀಕ ಮಾರಲು ಒಪ್ಪಿದರಷ್ಟೇ ಕೊಳ್ಳುವ ಸರ್ಕಾರಿ ನೀತಿ. ಐದು ವರ್ಷದಲ್ಲಿ ಶೇ. 30ರಷ್ಟು ಕೃಷಿಭೂಮಿ ಹಂಚುವ ಗುರಿಯ ಹತ್ತಿರಕ್ಕೂ ಅದು ಹೋಗಲಿಲ್ಲ. ಆ ನೀತಿ ಮಂಡೇಲಾ ಸರ್ಕಾರದ್ದೇ. ಹಾಗಾಗಿ ದೂರುವುದಾದರೆ, 1994ರಲ್ಲಿ ಶೇ. 62ಕ್ಕೂ ಹೆಚ್ಚು ಮತ ಪಡೆದ ಮೇಲೆ ಮಾಡದೆ ಬಿಟ್ಟದ್ದನ್ನು ದೂರಿ.

ಸಂವಿಧಾನದಲ್ಲೇ ಇರುವ ಒಂದು ರಾಜಿ ಮಾತ್ರ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ: 1913ರ ಜೂನ್ 19ಕ್ಕೂ ಮೊದಲು ನೆಲ ಕಳೆದುಕೊಂಡವರಿಗೆ ಅದನ್ನು ಮರಳಿ ಕೇಳುವ ಹಕ್ಕನ್ನು ಆ 25ನೇ ವಿಧಿ ಕೊಡಲಿಲ್ಲ.