ಪೌರತ್ವ ಪರೀಕ್ಷೆಯಲ್ಲಿ ‘ನಿಮ್ಮ ರಾಜ್ಯ’ದ ಪ್ರಶ್ನೆಗಳು: ಯಾವ ರಾಜ್ಯದ ಉತ್ತರ ಕಲಿಯಬೇಕು?

ಪ್ರಶ್ನೆ: ನಾನೂ ನನ್ನ ತಾಯಿಯೂ 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದೆವು. ಆಗ ಡಲ್ಲಾಸ್‌ನಲ್ಲಿದ್ದೆವು, ಈಗ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ನೆಲೆಸಿದ್ದೇವೆ. ಸಂದರ್ಶನದ ದಿನ ಇನ್ನೂ ತಿಳಿದಿಲ್ಲ. ಸೆನೆಟರ್, ಗವರ್ನರ್ ಮೊದಲಾದ ಪ್ರಶ್ನೆಗಳ ಮುಂದೆ ‘ಉತ್ತರ ರಾಜ್ಯವನ್ನು ಅವಲಂಬಿಸಿದೆ’ ಎಂದಷ್ಟೇ ಇದೆ. ಯಾವ ರಾಜ್ಯದ್ದನ್ನು ಕಲಿಯಬೇಕು? ತಾಯಿಗೆ 67 ವರ್ಷ. ಗ್ರೀನ್ ಕಾರ್ಡ್ ಸಿಕ್ಕು 21 ವರ್ಷವಾಗಿದೆ. ಅವರಿಗೆ ಕನ್ನಡ ಮಾತ್ರ ಬರುತ್ತದೆ.

ಉತ್ತರ: ಮಿಷಿಗನ್ನಿನದನ್ನೇ ಕಲಿಯಿರಿ. ಅರ್ಜಿ ಹಾಕಿದಾಗ ಎಲ್ಲಿದ್ದಿರಿ ಎಂಬುದು ಈ ಪ್ರಶ್ನೆಗಳಿಗೆ ಮುಖ್ಯವಲ್ಲ. ಸಂದರ್ಶನದ ದಿನ ನೀವು ವಾಸಿಸುವ ರಾಜ್ಯದಲ್ಲಿ, ಆ ದಿನ ಅಧಿಕಾರದಲ್ಲಿರುವವರ ಹೆಸರೇ ಸರಿಯಾದ ಉತ್ತರ. ವಿಳಾಸ ಬದಲಾದ 10 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕೆಂಬ ನಿಯಮವಿರುವುದರಿಂದ, ಅದನ್ನು ಇನ್ನೂ ಮಾಡಿರದಿದ್ದರೆ ಓದಿಗೂ ಮೊದಲು ಆ ಕೆಲಸ ಮುಗಿಸಿ.

2025ರ ಅಕ್ಟೋಬರ್ 20ರ ನಂತರ ಅರ್ಜಿ ಹಾಕಿದ ನಿಮಗೆ ಹೊಸ ಪರೀಕ್ಷೆ ಅನ್ವಯಿಸುತ್ತದೆ. 128 ಪ್ರಶ್ನೆಗಳಲ್ಲಿ ಅಧಿಕಾರಿ 20ರವರೆಗೆ ಕೇಳುತ್ತಾರೆ; 12ಕ್ಕೆ ಸರಿಯುತ್ತರ ಬಂದರೆ ತೇರ್ಗಡೆ. ರಾಜ್ಯಕ್ಕೆ ಸಂಬಂಧಿಸಿದವು ನಾಲ್ಕೇ ಆದರೂ, ಉಳಿದವುಗಳ ಹಾಗೆ ಇವನ್ನು ಒಮ್ಮೆ ಬಾಯಿಪಾಠ ಮಾಡಿ ಮರೆತುಬಿಡುವಂತಿಲ್ಲ. ಕ್ಯಾಲಿಫೋರ್ನಿಯಾದ ಒಂದು ಸೆನೆಟ್ ಸ್ಥಾನವನ್ನೇ ನೋಡಿ: 2023ರ ಸೆಪ್ಟೆಂಬರ್‌ನಲ್ಲಿ ಡಯಾನ್ ಫೈನ್‌ಸ್ಟೈನ್ ನಿಧನರಾದರು, ಅಕ್ಟೋಬರ್‌ನಲ್ಲಿ ಲಫಾಂಜಾ ಬಟ್ಲರ್ ನೇಮಕಗೊಂಡರು, 2024ರ ಡಿಸೆಂಬರ್‌ನಲ್ಲಿ ಆಡಂ ಶಿಫ್ ಪ್ರಮಾಣವಚನ ಸ್ವೀಕರಿಸಿದರು. ಹಳೆಯ ಟಿಪ್ಪಣಿ ನಂಬಿ ಹೋದವರು ಅಲ್ಲಿ ಎಡವಿರಬಹುದು.

ಆದ್ದರಿಂದ ಇಬ್ಬರು ಸೆನೆಟರ್‌ಗಳಲ್ಲಿ ಅವಧಿ ಹೆಚ್ಚು ಉಳಿದಿರುವವರ ಹೆಸರನ್ನು ಮೊದಲು ಕಲಿಯುವುದು ಕ್ಷೇಮ. ಕೇಳುವುದು ಒಬ್ಬರ ಹೆಸರನ್ನು ಮಾತ್ರ. ಮಿಷಿಗನ್ನಿನ ಗ್ಯಾರಿ ಪೀಟರ್ಸ್ ಅವರ ಅವಧಿ 2027ರ ಜನವರಿ 3ಕ್ಕೆ ಮುಗಿಯುತ್ತದೆ. ಎಲಿಸ್ಸಾ ಸ್ಲಾಟ್ಕಿನ್ ಆರು ವರ್ಷಗಳ ಅವಧಿಗೆ 2024ರಲ್ಲಿ ಆಯ್ಕೆಯಾದವರು. ಗವರ್ನರ್ ಗ್ರೆಚೆನ್ ವಿಟ್ಮರ್ ಅವರ ಎರಡನೆಯ ಅವಧಿಯೂ 2027ರ ಜನವರಿ 1ಕ್ಕೆ ಕೊನೆಗೊಳ್ಳುತ್ತದೆ. ಚುನಾವಣೆ ನವೆಂಬರ್‌ನಲ್ಲಿ ನಡೆದರೂ ಗೆದ್ದವರು ಜನವರಿಯವರೆಗೆ ಉತ್ತರವಾಗುವುದಿಲ್ಲ ಎಂಬುದನ್ನು ಗಮನದಲ್ಲಿಡಿ.

ಹೆಚ್ಚು ತಪ್ಪಾಗುವುದು ಜನಪ್ರತಿನಿಧಿ ಸಭೆಯ ಸದಸ್ಯರ ಹೆಸರಿನಲ್ಲಿ. ನಮ್ಮಲ್ಲಿ ಶಾಸಕರು, ಸಂಸದರು ಬೇರೆ ಬೇರೆಯಿರುವ ಹಾಗೆ ಇಲ್ಲಿಯೂ ರಾಜ್ಯದ ಶಾಸನಸಭೆ ಬೇರೆ, ವಾಷಿಂಗ್ಟನ್ನಿನ ಕಾಂಗ್ರೆಸ್ (ಸೆನೆಟ್ ಮತ್ತು ಜನಪ್ರತಿನಿಧಿ ಸಭೆ ಸೇರಿದ ದೇಶದ ಸಂಸತ್ತು) ಬೇರೆ. ಆದರೆ ಮಿಷಿಗನ್ ರಾಜ್ಯಕ್ಕೂ ತನ್ನದೇ ಸೆನೆಟ್ ಇರುವುದರಿಂದ ‘ಸೆನೆಟರ್’ ಎಂಬ ಪದ ಎರಡು ಕಡೆಯೂ ಬಳಕೆಯಲ್ಲಿದೆ. ಪರೀಕ್ಷೆಯಲ್ಲಿ ಬೇಕಾಗಿರುವುದು ಕಾಂಗ್ರೆಸ್‌ನವರ ಹೆಸರು. ಡೆಟ್ರಾಯಿಟ್ ಸುತ್ತಲಿನ ಕನ್ನಡಿಗರು ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅವರ ಹೆಸರನ್ನು ಅಭಿಮಾನದಿಂದ ನೆನೆಯುವುದು ಸಹಜವೇ. ಆದರೆ ಅವರು 2022ರಲ್ಲಿ ಗೆದ್ದಿದ್ದು 13ನೆಯ ಕ್ಷೇತ್ರದಲ್ಲಿ, ಟ್ರಾಯ್ ಆ ಕ್ಷೇತ್ರಕ್ಕೆ ಸೇರಿಲ್ಲ. ಜನಪ್ರತಿನಿಧಿ ಸಭೆಯ ಅಧಿಕೃತ ಜಾಲತಾಣದಲ್ಲಿ ನಿಮ್ಮ ಪ್ರತಿನಿಧಿಯನ್ನು ಹುಡುಕಿ. ಕೆಲವು ಪಿನ್ ಕೋಡ್‌ಗಳು ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿರುವುದರಿಂದ, ಬರೀ ಪಿನ್ ಸಾಲದೆ ಬಂದರೆ ಮನೆಯ ಪೂರ್ಣ ವಿಳಾಸವನ್ನೇ ಕೊಡಿ.

ರಾಜಧಾನಿಯ ಪ್ರಶ್ನೆ ಸುಲಭ, ಆದರೆ ದೊಡ್ಡ ಊರೇ ರಾಜಧಾನಿಯೆಂದು ಭಾವಿಸಬೇಡಿ. 1847ರಲ್ಲಿ ಡೆಟ್ರಾಯಿಟ್‌ನಿಂದ ಸ್ಥಳಾಂತರಗೊಂಡಂದಿನಿಂದ ಮಿಷಿಗನ್ನಿನ ರಾಜಧಾನಿ ಲ್ಯಾನ್ಸಿಂಗ್.

ಇನ್ನು ನಿಮ್ಮ ತಾಯಿಯವರ ವಿಷಯ. 65 ವರ್ಷ ದಾಟಿ, ಕಾಯಂ ನಿವಾಸಿಯಾಗಿ 20 ವರ್ಷ ಪೂರೈಸಿದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಅವರು ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. ಅವರಿಗಾಗಿ ನಕ್ಷತ್ರದ ಗುರುತು ಹಾಕಿದ 20 ಪ್ರಶ್ನೆಗಳಿವೆ. ಅವುಗಳಲ್ಲಿ 10 ಕೇಳಿ, 6 ಸರಿಯಾದರೆ ಸಾಕು. ನೀವು ಇಡೀ 128ನ್ನೂ ಅವರ ಮುಂದಿಟ್ಟು ಹೆದರಿಸಬೇಡಿ. ಆ 20ನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟು, ದಿನಕ್ಕೆ ಎರಡು ಮೂರರಂತೆ ಬಾಯಿಬಿಟ್ಟು ಹೇಳಿಸಿ. ವ್ಯಕ್ತಿಗಳ ಹೆಸರುಗಳನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆಯಿರಿ, ಸಂದರ್ಶನದ ಹಿಂದಿನ ದಿನ ಅವನ್ನು ಮತ್ತೊಮ್ಮೆ ನೋಡಿ ತಿದ್ದಲು ಅನುಕೂಲವಾಗುತ್ತದೆ.