ಡಿಗ್ರಿಯಲ್ಲಿ ಜಿಪಿಎ ಕಡಿಮೆ ಇದ್ದರೆ ದೊಡ್ಡ ಬಿಸಿನೆಸ್ ಸ್ಕೂಲ್ ಆಸೆ ಬಿಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಇಂಜಿನಿಯರಿಂಗ್‌ನಲ್ಲಿ ಜಿಪಿಎ 4ಕ್ಕೆ 2.7. ಆಮೇಲೆ ಐದು ವರ್ಷ ಒಳ್ಳೆಯ ಕೆಲಸ, ಒಂದು ಪ್ರಮೋಷನ್. ಈಗ ಅಮೆರಿಕದ ಹಾರ್ವರ್ಡ್, ಬೂತ್ (ಶಿಕಾಗೊ ಯೂನಿವರ್ಸಿಟಿಯದು), ಕೆಲಾಗ್ (ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯದು) ಥರದ ಬಿಸಿನೆಸ್ ಸ್ಕೂಲುಗಳ ಕಡೆ ಎಂಬಿಎಗೆ ಅರ್ಜಿ ಹಾಕಬೇಕು. ಚಾನ್ಸ್ ಇದೆಯಾ, ಇಲ್ಲಾ ಸುಮ್ನೆ ಅರ್ಜಿ ಫೀಸು ದಂಡವಾ?

ಚಾನ್ಸ್ ಇದೆ. ಆದರೆ "ಜಿಪಿಎ ಒಂದೇ ನೋಡಲ್ಲ, ಇಡೀ ವ್ಯಕ್ತಿಯನ್ನು ನೋಡುತ್ತಾರೆ" ಅಂತ ಎಲ್ಲರೂ ಹೇಳುವ ಸಮಾಧಾನದ ಮಾತನ್ನು ಪೂರ್ತಿ ನಂಬಬೇಡಿ. ನಾನು ಕೆಲವು ವರ್ಷ ಒಂದು ಬಿಸಿನೆಸ್ ಸ್ಕೂಲಿನ ಅಡ್ಮಿಷನ್ ವಿಭಾಗಕ್ಕೆ ಅರ್ಜಿ ಓದುತ್ತಿದ್ದೆ. ಸ್ಕೂಲಿನ ಹೆಸರು ಬೇಡ. ಕಡಿಮೆ ಅಂಕದ ಅರ್ಜಿ ಕೈಗೆ ಬಂದಾಗ ಓದುವವರ ತಲೆಯಲ್ಲಿ ಎರಡು ಲೆಕ್ಕ ಓಡುತ್ತದೆ. ಒಂದು: ಈ ಮನುಷ್ಯ ಮೊದಲ ಟರ್ಮ್ ದಾಟುತ್ತಾನಾ? ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್, ಫೈನಾನ್ಸ್, ಎಕನಾಮಿಕ್ಸ್ ಎಲ್ಲ ಒಟ್ಟಿಗೇ ತಲೆ ಮೇಲೆ ಬೀಳುವ ಟರ್ಮ್ ಅದು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಇವರನ್ನು ಸೇರಿಸಿಕೊಂಡರೆ ನಮ್ಮ ಸರಾಸರಿ ಏನಾಗುತ್ತದೆ? ಅಮೆರಿಕದ ಯುಎಸ್ ನ್ಯೂಸ್ ಸಂಸ್ಥೆ ಸ್ಕೂಲುಗಳಿಗೆ ಕೊಡುವಂಥ ರ್‍ಯಾಂಕಿಂಗ್‌ಗಳಲ್ಲಿ ವಿದ್ಯಾರ್ಥಿಗಳ ಡಿಗ್ರಿ ಜಿಪಿಎ, ಪ್ರವೇಶ ಪರೀಕ್ಷೆಯ ಸ್ಕೋರ್ ಎರಡಕ್ಕೂ ಅಂಕ ಇದೆ. ಹಾಗಾಗಿ ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ತುಂಬಿಕೊಡುವವರ ಅರ್ಜಿ ಒಳಗೆ ವಾದಿಸಿ ಗೆಲ್ಲಿಸುವುದು ಸುಲಭ. ಕಹಿ ಅನ್ನಿಸಬಹುದು, ಆದರೆ ಇರುವುದು ಹೀಗೆ.

ಈಗ ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದು ಎದುರಿಗೆ ಇಟ್ಟುಕೊಳ್ಳಿ. ನೀವು 2.7 ಅನ್ನುವ ಒಂದೇ ನಂಬರಿನಲ್ಲಿ ಸಿಕ್ಕಿಕೊಂಡಿದ್ದೀರಿ. ಓದುವವರು ಅದನ್ನು ಒಮ್ಮೆ ನೋಡಿ ಕೆಳಗಿನ ಸಾಲುಗಳಿಗೆ ಇಳಿಯುತ್ತಾರೆ. ಒಂದೇ 2.7 ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರಿಗೆ ಮೊದಲ ವರ್ಷ ಸಿ, ಡಿ ತುಂಬಿವೆ, ಕೊನೆಯ ವರ್ಷ ಕಷ್ಟದ ವಿಷಯಗಳಲ್ಲೇ ಬಿ ಪ್ಲಸ್, ಎ ಮೈನಸ್. ಇನ್ನೊಬ್ಬರದು ಮೊದಲ ವರ್ಷ ಬಿ, ಕೊನೆಗೆ ಸಿ. ಮೊದಲನೆಯವರು ದಾರಿಗೆ ಬಂದಿದ್ದಾರೆ, ಎರಡನೆಯವರು ಕೈಬಿಟ್ಟಿದ್ದಾರೆ ಅಂತಲೇ ಓದಿಸಿಕೊಳ್ಳುತ್ತದೆ. ವಿಷಯ ಯಾವುದು ಅನ್ನುವುದೂ ಮುಖ್ಯ. ಥರ್ಮೋಡೈನಮಿಕ್ಸ್‌ನಲ್ಲಿ ಸಿ ಬಂದಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಸಿ ಕಂಡರೆ ನನ್ನ ಪೆನ್ಸಿಲ್ ಅಲ್ಲೇ ನಿಲ್ಲುತ್ತಿತ್ತು, ಪಕ್ಕದಲ್ಲಿ ಒಂದು ಸಣ್ಣ ಪ್ರಶ್ನೆ ಗುರುತು ಬೀಳುತ್ತಿತ್ತು. ಅರ್ಜಿಯ ಉಳಿದ ಭಾಗದಲ್ಲಿ ಆ ಗುರುತಿಗೆ ಉತ್ತರ ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೆ ಬಹಳಷ್ಟು ನಿಂತಿರುತ್ತಿತ್ತು.

ಅಂದ ಹಾಗೆ, ನಿಮ್ಮ ಯೂನಿವರ್ಸಿಟಿ ಬೇರೆ ಅಳತೆಯಲ್ಲಿ ಅಂಕ ಕೊಟ್ಟಿದ್ದು, 2.7 ನೀವೇ ಯಾವುದೋ ವೆಬ್‌ಸೈಟಿನಲ್ಲಿ ಲೆಕ್ಕ ಹಾಕಿಕೊಂಡದ್ದಾದರೆ, ಅದನ್ನು ಮರೆತುಬಿಡಿ. ಮಾರ್ಕ್ಸ್ ಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ ಅಂತಲೇ ಹೆಚ್ಚಿನ ಸ್ಕೂಲುಗಳು ಕೇಳುತ್ತವೆ. ಯಾವ ದೇಶದಲ್ಲಿ ಅಂಕ ಬಿಗಿ, ಎಲ್ಲಿ ಧಾರಾಳ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಹಳೆಯ ಅಂಕ ಬದಲಾಗುವುದಿಲ್ಲ. ಹೊಸ ಪುರಾವೆ ಕೊಡಬಹುದು, ಅಷ್ಟೇ. ಅದರಲ್ಲಿ ಮೊದಲನೆಯದು ಪ್ರವೇಶ ಪರೀಕ್ಷೆ, ಅಂದರೆ ಜಿಮ್ಯಾಟ್ ಅಥವಾ ಜಿಆರ್‌ಇ. ಈಗಿನ ಜಿಮ್ಯಾಟ್ 2023ರ ನವೆಂಬರಿನಲ್ಲಿ ಬಂದದ್ದು. ಕ್ವಾಂಟ್ (ಗಣಿತ), ವರ್ಬಲ್ (ಇಂಗ್ಲಿಷ್ ಓದು, ತರ್ಕ), ಡೇಟಾ ಇನ್‌ಸೈಟ್ಸ್ (ಅಂಕಿಅಂಶ ಓದಿ ಅರ್ಥ ಮಾಡಿಕೊಳ್ಳುವುದು) ಅಂತ ಮೂರು ಭಾಗ, ತಲಾ 45 ನಿಮಿಷ, ಸ್ಕೋರ್ 205ರಿಂದ 805. ಹಳೆಯ ಪರೀಕ್ಷೆಯ 700 ಈಗಿನ 645ರ ಆಸುಪಾಸು, ಹಾಗಾಗಿ ಹಳೆಯ ನಂಬರುಗಳನ್ನು ಓದಿ ಎದೆಗುಂದಬೇಡಿ. ನಿಮ್ಮ ಗುರಿ ಆಯಾ ಸ್ಕೂಲಿನ ಸರಾಸರಿ ಮುಟ್ಟುವುದಲ್ಲ, ಅದನ್ನು ದಾಟುವುದು. ಬೇರೆಯವರಿಗೆ ಸರಾಸರಿ ಸಾಕು, ನಿಮಗೆ ಸಾಲದು. ಒಟ್ಟು ಸ್ಕೋರಿಗಿಂತ ಕ್ವಾಂಟ್ ಎಷ್ಟು ಬಂತು ಅನ್ನುವುದು ನಿಮ್ಮ ವಿಷಯದಲ್ಲಿ ಜಾಸ್ತಿ ಮುಖ್ಯ. ಇಂಜಿನಿಯರ್ ಆಗಿದ್ದೂ ಕ್ವಾಂಟ್ ಸಾಧಾರಣ ಅಂದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಒಂದು ಸಲ ಸರಿ ಹೋಗದಿದ್ದರೆ ಮತ್ತೆ ಬರೆಯಬಹುದು. ಸ್ಕೋರ್ ನೋಡಿದ ಮೇಲೆ ಯಾವುದನ್ನು ಕಳಿಸಬೇಕು ಅಂತ ನೀವೇ ತೀರ್ಮಾನಿಸುತ್ತೀರಿ. "ಈ ವರ್ಷ ಪರೀಕ್ಷೆಯಿಂದ ವಿನಾಯಿತಿ ಇದೆ" ಅಂತ ಯಾವುದಾದರೂ ಸ್ಕೂಲ್ ಹೇಳಿದರೆ ಬಹಳ ಜನ ಖುಷಿಯಾಗುತ್ತಾರೆ. ನೀವು ಆಗಬೇಡಿ. ನಿಮ್ಮ ಕೈಯಲ್ಲಿರುವ ಒಳ್ಳೆಯ ಅಸ್ತ್ರವನ್ನು ನೀವಾಗಿಯೇ ಕೆಳಗಿಟ್ಟ ಹಾಗಾಗುತ್ತದೆ.

ಎರಡನೆಯದು ಕೋರ್ಸು. ಪರೀಕ್ಷೆಯ ಸ್ಕೋರ್ ಬುದ್ಧಿ ಇದೆ ಅನ್ನುತ್ತದೆ. ತಿಂಗಳುಗಟ್ಟಲೆ ಕೂತು ಓದುವ ಶಿಸ್ತು ಇದೆಯಾ ಅನ್ನುವುದಕ್ಕೆ ಅದು ಉತ್ತರವಲ್ಲ. ಕಡಿಮೆ ಜಿಪಿಎ ಕೇಳುವ ಪ್ರಶ್ನೆ ಹೆಚ್ಚಾಗಿ ಅದೇ. ಹಾಗಾಗಿ ಗ್ರೇಡ್ ಬರುವ ಕೋರ್ಸನ್ನೇ ಮಾಡಿ. ಬರ್ಕ್ಲಿ, ಯುಸಿಎಲ್‌ಎ ಥರದ ಯೂನಿವರ್ಸಿಟಿಗಳಲ್ಲಿ ಹೊರಗಿನವರಿಗೂ ಪಾಠ ಹೇಳುವ ಎಕ್ಸ್‌ಟೆನ್ಷನ್ ವಿಭಾಗಗಳಲ್ಲಿ ಸ್ಟ್ಯಾಟಿಸ್ಟಿಕ್ಸ್, ಅಕೌಂಟಿಂಗ್ ಆನ್‌ಲೈನ್‌ನಲ್ಲೇ ಕಲಿಯಬಹುದು, ಕೊನೆಗೆ ಗ್ರೇಡ್ ಇರುವ ಟ್ರಾನ್ಸ್‌ಕ್ರಿಪ್ಟ್ ಸಿಗುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆನ್‌ಲೈನ್‌ನ 'ಕೋರ್' ಕೋರ್ಸಿನಲ್ಲಿ ಅನಲಿಟಿಕ್ಸ್, ಎಕನಾಮಿಕ್ಸ್, ಫೈನಾನ್ಷಿಯಲ್ ಅಕೌಂಟಿಂಗ್ ಮೂರೂ ಇವೆ, ಕೊನೆಗೆ ಪರೀಕ್ಷೆಯೂ ಇದೆ. ವಿಡಿಯೋ ನೋಡಿ ಮುಗಿಸಿದರೆ ಸಿಗುವ ಸರ್ಟಿಫಿಕೇಟುಗಳನ್ನು ಹತ್ತಾರು ಪೇರಿಸಿಟ್ಟರೆ ಬೇಳೆ ಬೇಯುವುದಿಲ್ಲ. ಎರಡು ಕೋರ್ಸ್, ಎರಡರಲ್ಲೂ ಎ, ಅಷ್ಟು ಸಾಕು. ಬಿ ಬರುವ ಹಾಗಿದ್ದರೆ ಮಾಡದೇ ಇರುವುದೇ ವಾಸಿ. ಇದಕ್ಕೋಸ್ಕರ ಇನ್ನೊಂದು ಮಾಸ್ಟರ್ಸ್ ಮಾಡಲಾ ಅಂತ ಕೆಲವರು ಕೇಳುತ್ತಾರೆ. ಬೇಡ. ದುಡ್ಡು, ಎರಡು ವರ್ಷ ಎರಡೂ ಹೋಗುತ್ತವೆ, ಸ್ಕೂಲು ತನ್ನ ಸರಾಸರಿಗೆ ಹಿಡಿಯುವುದು ಡಿಗ್ರಿಯ ಜಿಪಿಎಯನ್ನೇ.

ಮೂರನೆಯದರಲ್ಲಿ ಬಹಳ ಜನ ಎಡವುವುದನ್ನು ನೋಡಿದ್ದೇನೆ: ಆಪ್ಷನಲ್ ಎಸ್ಸೆ. ಹೆಚ್ಚುಕಡಿಮೆ ಎಲ್ಲ ಸ್ಕೂಲುಗಳ ಅರ್ಜಿಯಲ್ಲೂ ಇನ್ನೇನಾದರೂ ಹೇಳುವುದಿದ್ದರೆ ಹೇಳಿ ಅಂತ ಒಂದು ಜಾಗ ಇರುತ್ತದೆ. ಹೆಸರಿಗೆ ಆಪ್ಷನಲ್, ನಿಮಗೆ ಕಡ್ಡಾಯ ಅಂತಲೇ ತಿಳಿಯಿರಿ. ಅಲ್ಲಿ ಸಾಮಾನ್ಯವಾಗಿ ಬರುತ್ತಿದ್ದ ಬರಹ ಈ ಧಾಟಿಯದು: "ಕಾಲೇಜಿನ ದಿನಗಳಲ್ಲಿ ನಾನು ಅನೇಕ ಸವಾಲುಗಳನ್ನು ಎದುರಿಸಿದೆ. ನಮ್ಮ ಪರೀಕ್ಷಾ ಪದ್ಧತಿ ಬಾಯಿಪಾಠಕ್ಕೆ ಬೆಲೆ ಕೊಡುತ್ತಿತ್ತು. ಆ ಅನುಭವ ನನ್ನನ್ನು ಗಟ್ಟಿಗೊಳಿಸಿತು." ಇದರಲ್ಲಿ ಏನೂ ಇಲ್ಲ. ತಪ್ಪು ಪದ್ಧತಿಯದ್ದು ಅನ್ನುವ ಕುಂಟುನೆಪ ಬೇರೆ, ಅದೇ ಪದ್ಧತಿಯಲ್ಲಿ ಓದಿ 3.8 ತಂದವರ ಅರ್ಜಿ ಪಕ್ಕದಲ್ಲೇ ಇರುತ್ತದೆ ಅಲ್ವಾ?

ಕೆಲಸಕ್ಕೆ ಬರುವ ಎಸ್ಸೆ ಹೀಗಿರುತ್ತದೆ: "ಎರಡನೇ ವರ್ಷ ಮನೆ ಖರ್ಚಿಗೆಂದು ವಾರಕ್ಕೆ 25 ಗಂಟೆ ದುಡಿಯುತ್ತಿದ್ದೆ. ಆ ವರ್ಷ ನಾಲ್ಕು ವಿಷಯಗಳಲ್ಲಿ ಸಿ ಬಂತು. ಕೆಲಸ ಬಿಟ್ಟ ಮೇಲೆ ಕೊನೆಯ ವರ್ಷದ ಜಿಪಿಎ 3.5. ಹೋದ ವರ್ಷ ಸ್ಟ್ಯಾಟಿಸ್ಟಿಕ್ಸ್, ಅಕೌಂಟಿಂಗ್ ಕೋರ್ಸ್ ಮಾಡಿ ಎರಡರಲ್ಲೂ ಎ ಪಡೆದೆ." ಕಾರಣ, ಪರಿಣಾಮ, ಈಗಿನ ಪುರಾವೆ, ಮುಗಿಯಿತು. ಕಣ್ಣೀರು ಬೇಡ, ಪಾಠ ಕಲಿತೆ ಅನ್ನುವುದೂ ಬೇಡ. ನಿಮಗೆ ಅಂಥ ಕಾರಣವೇ ಇಲ್ಲ, ಸುಮ್ನೆ ಓದಲಿಲ್ಲ ಅಂತಾದರೆ? "ಆಗ ಓದಿನ ಕಡೆ ಗಮನ ಕೊಡಲಿಲ್ಲ" ಅಂತ ಒಂದೇ ಸಾಲು ಬರೆದು ನೇರವಾಗಿ ಪುರಾವೆಗೆ ಬನ್ನಿ. ಇಲ್ಲದ ಕಾಯಿಲೆ, ಇಲ್ಲದ ಕಷ್ಟ ಹುಟ್ಟುಹಾಕಬೇಡಿ. ಓದಿ ಓದಿ ಪಳಗಿದವರಿಗೆ ಅದು ಗೊತ್ತಾಗುತ್ತದೆ, ಸೀಟು ಸಿಕ್ಕ ಮೇಲೂ ಎಷ್ಟೋ ಸ್ಕೂಲುಗಳು ಹಿನ್ನೆಲೆ ತಪಾಸಣೆ ಮಾಡಿಸುತ್ತವೆ. ಇನ್ನೊಂದು ಮಾತು. ಈ ವಿಷಯ ಆ ಒಂದು ಜಾಗದಲ್ಲಿ ಮಾತ್ರ ಬರಲಿ. ಮುಖ್ಯ ಎಸ್ಸೆಯಲ್ಲೂ ಜಿಪಿಎ ಬಗ್ಗೆಯೇ ಅಳುತ್ತಾ ಕೂತ ಅರ್ಜಿಗಳಲ್ಲಿ ಐದು ವರ್ಷದ ಒಳ್ಳೆಯ ಕೆಲಸ ಎಲ್ಲೋ ಮೂಲೆಗೆ ಸರಿದಿರುತ್ತಿತ್ತು.

ಆ ಐದು ವರ್ಷ ನಿಮ್ಮ ದೊಡ್ಡ ಬಲ. ಶಿಫಾರಸು ಪತ್ರ ಬರೆಯುವವರನ್ನು ಆರಿಸುವಾಗ ದೊಡ್ಡ ಹುದ್ದೆಯವರ ಹಿಂದೆ ಹೋಗಬೇಡಿ, ದಿನಾ ನಿಮ್ಮ ಕೆಲಸ ನೋಡಿದ ಬಾಸ್ ಬೇಕು. ನಿಮ್ಮ ಜೊತೆಯವರಿಗೆ ಹೋಲಿಸಿದರೆ ನೀವು ಹೇಗೆ ಅಂತ ಅವರನ್ನು ಕೇಳಿರುತ್ತಾರೆ. ಅಂಕಿಅಂಶ ಇಟ್ಟುಕೊಂಡು ನೀವು ಬಿಡಿಸಿದ ಒಂದು ಸಮಸ್ಯೆಯನ್ನು ಅವರಿಗೆ ನೆನಪಿಸಿ. "ಬೆಲೆ ನಿಗದಿಯ ಮಾಡೆಲ್ ಇವರೇ ಕಟ್ಟಿದರು, ಇವತ್ತಿಗೂ ಅದನ್ನೇ ಬಳಸುತ್ತಿದ್ದೇವೆ" ಅನ್ನುವ ಒಂದು ವಾಕ್ಯ ಬಾಸ್ ಕಡೆಯಿಂದ ಬಂದರೆ ನಾನು ಹಾಕಿದ ಪ್ರಶ್ನೆ ಗುರುತು ಅರ್ಧ ಅಳಿಸಿದ ಹಾಗೆ.

ಸ್ಕೂಲುಗಳ ಆಯ್ಕೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸೇರಿದ ವಿದ್ಯಾರ್ಥಿಗಳ ಬಗ್ಗೆ ಸ್ಕೂಲುಗಳು ಪ್ರಕಟಿಸುವ ಕ್ಲಾಸ್ ಪ್ರೊಫೈಲಿನಲ್ಲಿ ಸರಾಸರಿ ಬಿಟ್ಟು, ನಡುವಿನ 80% ಜನರ ಜಿಪಿಎ ಎಷ್ಟರಿಂದ ಎಷ್ಟರವರೆಗೆ ಅಂತ ಕೊಟ್ಟಿದ್ದರೆ ಅದನ್ನು ನೋಡಿ. ಅದರ ಕೆಳಗಿನ ಅಂಚಿಗಿಂತಲೂ ಕಡಿಮೆ ಇರುವವರು 10% ಇದ್ದೇ ಇರುತ್ತಾರೆ. ಅವರಲ್ಲಿ ಎಷ್ಟೋ ಜನರ ವೃತ್ತಿ ಅಪರೂಪದ್ದು ಅನ್ನುವುದೂ ನೆನಪಿರಲಿ. ನೀವು ಹೇಳಿದ ಮೂರೂ ಮೇಲಿನ ತುದಿಯ ಸ್ಕೂಲುಗಳೇ. ಒಂದೋ ಎರಡೋ ಇರಲಿ, ಉಳಿದವು ಸ್ವಲ್ಪ ಕೆಳಗಿನವು ಇರಲಿ. ಸ್ಕೂಲುಗಳು ವರ್ಷದಲ್ಲಿ ಕೆಲವು ಸುತ್ತುಗಳಲ್ಲಿ ಅರ್ಜಿ ತೆಗೆದುಕೊಳ್ಳುತ್ತವೆ. ಸಾಧ್ಯವಾದರೆ ಸೆಪ್ಟೆಂಬರಿನ ಮೊದಲ ಸುತ್ತಿಗೆ ಹಾಕಿ, ತಪ್ಪಿದರೆ ಜನವರಿಯ ಎರಡನೆಯದಕ್ಕೆ. ಮೂರನೇ ಸುತ್ತಿಗೆ ನಿಮ್ಮಂಥ ಅರ್ಜಿ ಬೇಡವೇ ಬೇಡ, ಆ ಹೊತ್ತಿಗೆ ಉಳಿದಿರುವ ಸೀಟು ಕಡಿಮೆ, ಸಂಶಯದ ಲಾಭ ಕೊಡುವ ಮನಸ್ಸು ಇನ್ನೂ ಕಡಿಮೆ. ಕೋರ್ಸು, ಪರೀಕ್ಷೆ ಮುಗಿಯದಿದ್ದರೆ ಅವಸರ ಮಾಡದೆ ಒಂದು ವರ್ಷ ತಡೆಯಿರಿ.

ಇಂಟರ್‌ವ್ಯೂಗೆ ಕರೆದರೆ ಆ ಸ್ಕೂಲಿನ ಪದ್ಧತಿ ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಹಾರ್ವರ್ಡ್‌ನಲ್ಲಿ ಮಾತಾಡುವವರು ನಿಮ್ಮ ಇಡೀ ಅರ್ಜಿ ಓದಿರುತ್ತಾರೆ. ಜಿಪಿಎ ಬಗ್ಗೆ ಕೇಳಿದರೆ ಎಸ್ಸೆಯಲ್ಲಿ ಬರೆದದ್ದನ್ನೇ ಎರಡು ವಾಕ್ಯದಲ್ಲಿ ಹೇಳಿ ಸುಮ್ಮನಾಗಿ, ಮುಂದಿನ ಪ್ರಶ್ನೆಗೆ ಅವರೇ ಹೋಗುತ್ತಾರೆ. ಬೂತ್‌ನಂಥ ಕಡೆ ಇಂಟರ್‌ವ್ಯೂ ಮಾಡುವವರ ಕೈಯಲ್ಲಿ ಇರುವುದು ನಿಮ್ಮ ರೆಸ್ಯೂಮೆ ಮಾತ್ರ. ಅದರಲ್ಲಿ ನೀವೇ ಜಿಪಿಎ ಬರೆದಿಲ್ಲ ಅಂದರೆ ಅವರಿಗೆ ಅದು ಗೊತ್ತೇ ಇರುವುದಿಲ್ಲ. ಅಲ್ಲಿ ನೀವಾಗಿಯೇ ಆ ಮಾತು ಎತ್ತಬೇಡಿ.